ಸೂತಕದ ಮನೆಗೂ ಸಲ್ಲುವ ಫೋನು

ಆಗಸ್ಟ್ ಬಂತೆಂದರೆ ಕೊಡಗಿನ ಫೋನುಗಳಿಗೆ ನೆನಪು ಜಾಸ್ತಿಯಾಗುತ್ತದೆ. "ಇಷ್ಟು ವರ್ಷದ ಹಿಂದೆ ಇದೇ ದಿನ" ಎಂದು ಫೋಟೊ ಆ್ಯಪ್ ಹಳೆಯ ಚಿತ್ರಗಳನ್ನು ಎತ್ತಿ ಮುಂದಿಡುತ್ತದೆ, ಹಿಂದೆ ಸಣ್ಣಗೆ ಸಂಗೀತ. ಬೇರೆ ಊರಿನವರ ಫೋನಿನಲ್ಲಿ ಅದು ಯಾವುದೋ ಪ್ರವಾಸದ ಚಿತ್ರವಿರಬಹುದು. ಇಲ್ಲಿ 2018ರ ಆಗಸ್ಟ್ 16, 17 ಎಂದರೆ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ, ಕಾಲೂರಿನ ಕಡೆ ಗುಡ್ಡ ಜಾರಿದ ದಿನಗಳು. ಮರುವರ್ಷದ ಆಗಸ್ಟ್‌ನಲ್ಲಿ ನಮ್ಮದೇ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಮನೆಗಳು ಮಣ್ಣಿನಡಿ ಹೋದವು. ಅದರ ಮುಂದಿನ ಆಗಸ್ಟ್‌ನಲ್ಲಿ ತಲಕಾವೇರಿಯ ಅರ್ಚಕರ ಮನೆ. ಬಿಟ್ಟಂಗಾಲದಂಥ ಊರಿನಲ್ಲಿ ಈ ಮೂರೂ ಕಡೆಗೆ ನೆಂಟರಿಷ್ಟರಿಲ್ಲದ ಮನೆ ಹುಡುಕಿದರೆ ಸಿಗುವುದು ಕಷ್ಟ. ದುರಂತದ ದಿನ ತೆಗೆದ ಚಿತ್ರಗಳೂ ಫೋನಿನಲ್ಲಿವೆ, ಅದಕ್ಕೂ ಮುಂಚೆ ಅದೇ ಅಂಗಳದಲ್ಲಿ ನಗುತ್ತ ನಿಂತವರ ಚಿತ್ರಗಳೂ ಇವೆ. ಯಾವುದು ಯಾವ ಬೆಳಿಗ್ಗೆ ಮೇಲೆದ್ದು ಬರುತ್ತದೋ ಹೇಳಲಾಗದು. ಯಂತ್ರಕ್ಕೆ ತಾರೀಕು ಗೊತ್ತು, ಅಂದು ಏನಾಯಿತೆಂಬುದು ಗೊತ್ತಿಲ್ಲ.

ತಂತ್ರಜ್ಞಾನ ಮನಸ್ಸನ್ನು ಕೆಡಿಸುತ್ತಿದೆ ಎಂಬ ದೂರು ಹಳೆಯದು, ಅದರಲ್ಲಿ ಅರ್ಧ ಗೊಣಗಾಟ. ಅದನ್ನು ಬಿಟ್ಟು ಒಂದು ಪ್ರಶ್ನೆಯನ್ನಷ್ಟೇ ಹಿಡಿದು ನೋಡಬಹುದು: ಬಳಸುವವರ ಮನಸ್ಸಿಗೆ ಪೆಟ್ಟಾಗದಂತೆ ಆ್ಯಪನ್ನೋ ಜಾಲತಾಣವನ್ನೋ ಕಟ್ಟಲು ಸಾಧ್ಯವೇ? ಕಟ್ಟಿದವರಿದ್ದಾರೆಯೇ? ಕಟ್ಟದವರನ್ನು ಯಾರು ಕೇಳಬೇಕು?

ಈ ಬಗೆಯ ಪೆಟ್ಟಿಗೆ ಹೆಸರು ಸಿಕ್ಕಿದ್ದು 2014ರ ಡಿಸೆಂಬರ್‌ನಲ್ಲಿ. ಅಮೆರಿಕದ ಎರಿಕ್ ಮೇಯರ್ ವೆಬ್ ಪುಟಗಳ ರೂಪ ತಿದ್ದುವ ಸಿಎಸ್‌ಎಸ್ ಎಂಬ ವಿದ್ಯೆಯನ್ನು ಒಂದು ತಲೆಮಾರಿಗೇ ಕಲಿಸಿದವರು. ಆ ವರ್ಷದ ಜೂನ್‌ನಲ್ಲಿ ಅವರ ಮಗಳು ರೆಬೆಕಾ, ತನ್ನ ಆರನೆಯ ಹುಟ್ಟುಹಬ್ಬದ ದಿನವೇ, ಮಿದುಳಿನ ಕ್ಯಾನ್ಸರಿನಿಂದ ತೀರಿಕೊಂಡಳು. ವರ್ಷದ ಕೊನೆಗೆ ಫೇಸ್‌ಬುಕ್ "ನಿಮ್ಮ ವರ್ಷ ಹೇಗಿತ್ತು ನೋಡಿ" ಎಂದು ಆ ಮಗುವಿನ ಮುಖವನ್ನೇ, ಕುಣಿಯುವವರ ಚಿತ್ತಾರದ ನಡುವೆ ಕೂರಿಸಿ ತಂದೆಗೆ ತೋರಿಸಿತು. ಯಾರೂ ಬೇಕೆಂದು ಮಾಡದ, ಗಣಿತಸೂತ್ರವೇ ಎಸಗಿದ ಕ್ರೌರ್ಯ ಎಂದು ಮೇಯರ್ ಇದನ್ನು ಕರೆದರು. ಬೈಯಲಿಲ್ಲ. ಬಹುಪಾಲು ಜನರಿಗೆ ಈ ಸವಲತ್ತು ಚೆನ್ನಾಗಿಯೇ ಕೆಲಸ ಮಾಡಿದೆ ಎಂದು ಒಪ್ಪಿಕೊಂಡು ಎರಡೇ ಮಾತು ಹೇಳಿದರು: ಜನ ನೋಡಲು ಬಯಸುತ್ತಾರೆಂದು ತಿಳಿಯುವ ತನಕ ಚಿತ್ರ ತುಂಬಿಸಬೇಡಿ, ತೋರಿಸುವ ಮುಂಚೆ ಕೇಳಿ. ಎರಡು ವರ್ಷದ ಬಳಿಕ ಸಾರಾ ವಾಚ್ಟರ್-ಬೋಚರ್ ಜೊತೆ ಸೇರಿ ಬರೆದ ಪುಸ್ತಕದಲ್ಲಿ ಅವರು ಇದನ್ನೇ ಬೆಳೆಸಿದರು. ಎಂಜಿನಿಯರುಗಳು "ಅಪರೂಪಕ್ಕೊಮ್ಮೆ ಆಗುವಂಥದ್ದು" ಎಂದು ಬದಿಗೆ ತಳ್ಳುವ ಪ್ರಸಂಗಗಳೇ ವಿನ್ಯಾಸದ ನಿಜವಾದ ಪರೀಕ್ಷೆ, ಸಂಕಟದಲ್ಲಿರುವವರನ್ನು ಮೊದಲು ನೆನೆದುಕೊಂಡು ಕಟ್ಟಿ ಎಂಬುದು ಅದರ ಸಾರ.

ಈ ಕ್ಷೇತ್ರದಲ್ಲಿ ನಾನು ಓದಿದ್ದರಲ್ಲೆಲ್ಲ ಇದಕ್ಕಿಂತ ಕೆಲಸಕ್ಕೆ ಬರುವ ಮಾತು ಸಿಕ್ಕಿಲ್ಲ. ಸಾವು, ಸಾಲ, ಗರ್ಭಪಾತ, ಕೆಲಸ ಕಳೆದುಕೊಳ್ಳುವುದು ಅಪರೂಪವೆಂದು ಯಾವ ಮನೆಯವರು ಹೇಳಿಯಾರು? ನಮ್ಮ ಕೇರಿಯಲ್ಲಿ ಒಂದು ಮನೆಯಲ್ಲಿ ಹೆಣವಿದ್ದರೆ ಪಕ್ಕದ ಮದುವೆಮನೆಯ ವಾಲಗ ತಾನಾಗಿ ತಗ್ಗುತ್ತದೆ, ಯಾರೂ ಹೋಗಿ "ಆಫ್ ಮಾಡಿ" ಎಂದು ಅರ್ಜಿ ಕೊಡಬೇಕಿಲ್ಲ. ಫೋನಿನಲ್ಲಿ ಮಾತ್ರ ಅರ್ಜಿ ಕೊಡುವ ಕೆಲಸ ದುಃಖದಲ್ಲಿರುವವರದೇ.

ನೋಡಿ, ಕೊಡಗು ಜಾರಿದ ಅದೇ 2018ರ ಆಗಸ್ಟ್‌ನಲ್ಲಿ ಇಂಡೊನೇಷ್ಯಾದ ಲೊಂಬೊಕ್ ದ್ವೀಪದಲ್ಲಿ ಭೂಕಂಪವಾಯಿತು. ಅಲ್ಲಿರುವವರು ಸುರಕ್ಷಿತವಾಗಿರಲಿ ಎಂದು ಜನ ಫೇಸ್‌ಬುಕ್‌ನಲ್ಲಿ ಬರೆದರೆ ಪರದೆಯ ತುಂಬ ಬಲೂನು, ಬಣ್ಣದ ಕಾಗದದ ಚೂರು ಹಾರಿದವು. ಅಭಿನಂದನೆಗೆ ಬಳಸುವ ಮಾತನ್ನು ಕಂಡರೆ ಸಂಭ್ರಮಿಸು ಎಂದು ಯಂತ್ರಕ್ಕೆ ಹೇಳಿಕೊಡಲಾಗಿತ್ತು, ಆ ಭಾಷೆಯಲ್ಲಿ ಕ್ಷೇಮ ಕೋರಲೂ ಅದೇ ಮಾತು. ಕಂಪನಿ ವಿಷಾದಿಸಿ ಆ ಸವಲತ್ತನ್ನು ಅಲ್ಲಿ ತೆಗೆದುಹಾಕಿತು. ಬಲೂನು ಬಿಡಲು ಕೇಳಿದವರಾದರೂ ಯಾರು ಎಂಬ ಪ್ರಶ್ನೆ ಉಳಿಯಿತು. ಹಾಗೆಯೇ 2018ರ ಡಿಸೆಂಬರ್‌ನಲ್ಲಿ ಅಮೆರಿಕದ ಪತ್ರಕರ್ತೆ ಗಿಲಿಯನ್ ಬ್ರಾಕೆಲ್ ತಂತ್ರಜ್ಞಾನ ಕಂಪನಿಗಳಿಗೆ ಬಹಿರಂಗ ಪತ್ರ ಬರೆದರು. ಅವರ ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಬಸುರಿಯೆಂದು ಪತ್ತೆಹಚ್ಚಿ ಜಾಹೀರಾತು ಸುರಿದ ಯಂತ್ರಗಳಿಗೆ, ಆಮೇಲಿನ ಹುಡುಕಾಟಗಳನ್ನು ನೋಡಿ ವಿಷಯ ಏನೆಂದು ಊಹಿಸಲು ಬರಲಿಲ್ಲ. ಜಾಹೀರಾತು ಬೇಡ ಎಂದು ಒತ್ತಿದರೆ, ಹೆರಿಗೆಯಾಯಿತೆಂದು ತಿಳಿದುಕೊಂಡು ಮಗುವಿನ ಸಾಮಾನು ತೋರಿಸಲು ಹೊರಟವು. ಮಾರುವ ಸಮಯಕ್ಕೆ ಅಷ್ಟು ಚುರುಕಾದ ಬುದ್ಧಿ, ಸುಮ್ಮನಿರಬೇಕಾದ ಸಮಯಕ್ಕೆ ಇಷ್ಟು ಮಂದ.

ಸುಧಾರಣೆಗಳು ಬಂದಿಲ್ಲವೆಂದಲ್ಲ. ತೀರಿಕೊಂಡವರ ಖಾತೆಯನ್ನು ಸ್ಮರಣೆಯ ಪುಟವಾಗಿ ಉಳಿಸುವ ವ್ಯವಸ್ಥೆಯನ್ನು ಫೇಸ್‌ಬುಕ್ 2009ರಲ್ಲೇ ತಂದಿತ್ತು, ಅದನ್ನು ನೋಡಿಕೊಳ್ಳಲು ಒಬ್ಬರನ್ನು ಮೊದಲೇ ನೇಮಿಸುವ ಅವಕಾಶ 2015ರಲ್ಲಿ ಬಂತು. ಗೂಗಲ್ ಫೋಟೊಸ್‌ನಲ್ಲಿ ಇಂಥ ವ್ಯಕ್ತಿಯ ಮುಖ ಬೇಡ, ಇಂಥ ತಾರೀಕು ಬೇಡ ಎಂದು ಗುರುತು ಹಾಕಬಹುದು. ಒಳ್ಳೆಯದೇ. ಆದರೆ ಆ ಗುರುತು ಹಾಕಲು ಎಷ್ಟೋ ಮೆಟ್ಟಿಲು ಇಳಿದು ಸೆಟ್ಟಿಂಗ್ಸ್‌ನ ನೆಲಮಾಳಿಗೆಗೆ ಹೋಗಬೇಕು, ಅಳುತ್ತಲೇ ಆ ಮುಖವನ್ನು ಆರಿಸಬೇಕು.

ಹಣದ ಯಂತ್ರಗಳ ಕ್ರೌರ್ಯ ಇದಕ್ಕಿಂತ ಒರಟು. 2024ರ ಜುಲೈ 30ರಂದು ನಮ್ಮ ಗಡಿಯಾಚೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳು ಕೊಚ್ಚಿಹೋದವು. ಬದುಕಿ ಉಳಿದವರ ಖಾತೆಗೆ ಸರ್ಕಾರ ತುರ್ತು ಪರಿಹಾರವೆಂದು 10,000 ರೂಪಾಯಿ ಹಾಕಿತು. ಕೇರಳ ಗ್ರಾಮೀಣ ಬ್ಯಾಂಕಿನಲ್ಲಿ ಸಾಲವಿದ್ದ ಕೆಲವರ ಖಾತೆಯಿಂದ ಆ ಹಣದಲ್ಲೇ ಕಂತು ಕಡಿತವಾಯಿತು. ಪ್ರತಿಭಟನೆ ನಡೆಯಿತು, ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಖಂಡಿಸಿದರು, ಬ್ಯಾಂಕು ಹಣ ಹಿಂದಿರುಗಿಸಿತು. ಕೂತು ಯಾರೋ ಕಡಿತ ಮಾಡಿದ್ದಲ್ಲ. ಖಾತೆಗೆ ದುಡ್ಡು ಬಿದ್ದರೆ ಕಂತು ಎತ್ತಿಕೋ ಎಂಬ ಆದೇಶ ಕಂಪ್ಯೂಟರಿಗೆ ಮೊದಲೇ ಇತ್ತು. ಮನೆ, ಮಂದಿ ಕಳೆದುಕೊಂಡವನ ಫೋನಿಗೆ ಬಂದ ಕಡಿತದ ಎಸ್‌ಎಂಎಸ್ ಎಂಥ ಪೆಟ್ಟು ಎಂದು ಯೋಚಿಸಿ. ಅದೇ ವರ್ಷ ಬರ ಪರಿಹಾರವನ್ನು ಬ್ಯಾಂಕುಗಳು ಸಾಲಕ್ಕೆ ಜಮಾ ಮಾಡಿಕೊಳ್ಳುತ್ತಿವೆ ಎಂಬ ದೂರು ಕರ್ನಾಟಕದಲ್ಲೂ ಎದ್ದು, ಹಾಗೆ ಮಾಡಕೂಡದೆಂದು ಸರ್ಕಾರ ಸೂಚಿಸಬೇಕಾಯಿತು. ಪರಿಹಾರದ ಹಣವನ್ನು ಗುರುತಿಸಿ ಮುಟ್ಟದೆ ಬಿಡುವುದು ತಂತ್ರಾಂಶಕ್ಕೆ ಕಷ್ಟದ ಕೆಲಸವೇ ಅಲ್ಲ, ಹೇಳಿಕೊಟ್ಟಿರಬೇಕು ಅಷ್ಟೆ.

ಇಲ್ಲಿಯವರೆಗೆ ಹೇಳಿದ್ದು ಅರಿಯದೆ ಆದ ನೋವು. ಅರಿತೇ ಕೊಡುವ ನೋವಿನ ಕಥೆ ಬೇರೆ, ಅದಕ್ಕೆ ಸಹಾನುಭೂತಿಯ ಪಾಠ ಹೇಳಿ ಪ್ರಯೋಜನವಿಲ್ಲ. ಸಾಲದ ಆ್ಯಪ್‌ಗಳನ್ನೇ ತೆಗೆದುಕೊಳ್ಳಿ. ಐದು ನಿಮಿಷದಲ್ಲಿ ಐದು ಸಾವಿರ ಕೊಡುತ್ತವೆ, ಕೊಡುವ ಮುಂಚೆ ಫೋನ್‌ಬುಕ್ಕು, ಫೋಟೊಗಳನ್ನು ನೋಡಲು ಅನುಮತಿ ಪಡೆಯುತ್ತವೆ. ಕಂತು ತಪ್ಪಿದ ಮರುದಿನ ಸಾಲಗಾರನ ಅತ್ತೆಗೆ, ಮೇಷ್ಟರಿಗೆ, ಸಹೋದ್ಯೋಗಿಗೆ ಕರೆ ಹೋಗುತ್ತದೆ, ತಿರುಚಿದ ಫೋಟೊ ಹೋಗುತ್ತದೆ. ಇಲ್ಲಿ ಅವಮಾನವೇ ವಸೂಲಿಯ ಯಂತ್ರ, ಅದನ್ನು ಆ್ಯಪಿನೊಳಗೇ ಕಟ್ಟಿಡಲಾಗಿತ್ತು. ಬೆಂಗಳೂರಿನ ಸೈಬರ್ ಪೊಲೀಸರು ದಾಖಲಿಸಿದ ಎಫ್‌ಐಆರ್‌ಗಳನ್ನು ಹಿಡಿದು ಜಾರಿ ನಿರ್ದೇಶನಾಲಯ 2022ರ ಸೆಪ್ಟೆಂಬರ್‌ನಲ್ಲಿ ನಗರದಲ್ಲಿ ಶೋಧ ನಡೆಸಿತು. ಅದೇ ತಿಂಗಳು ರಿಸರ್ವ್ ಬ್ಯಾಂಕ್ ಡಿಜಿಟಲ್ ಸಾಲಕ್ಕೆ ನಿಯಮ ಹೊರಡಿಸಿತು: ಫೋನ್‌ಬುಕ್ಕು, ಕರೆಪಟ್ಟಿ, ಫೋಟೊಗಳನ್ನು ಆ್ಯಪ್ ಮುಟ್ಟಕೂಡದು. ಕ್ಯಾಮೆರಾ, ಮೈಕು, ಸ್ಥಳದ ಮಾಹಿತಿಯನ್ನು ಗುರುತು ಪರಿಶೀಲನೆಗೆಂದು, ಒಪ್ಪಿಗೆ ಪಡೆದು, ಒಮ್ಮೆ ಮಾತ್ರ ಬಳಸಬಹುದು. ಈ ನಿಯಮ ನನಗೆ ಮೆಚ್ಚುಗೆ. ಸಭ್ಯವಾಗಿ ವರ್ತಿಸಿ ಎಂದು ಉಪದೇಶ ಮಾಡದೆ, ಅಸಭ್ಯತೆಗೆ ಬೇಕಾದ ಸಾಮಗ್ರಿಯನ್ನೇ ಅದು ಕೈಯಿಂದ ಕಿತ್ತುಕೊಂಡಿತು. ನಿಯಮಕ್ಕೆ ಸಿಗದ ಕಳ್ಳ ಆ್ಯಪ್‌ಗಳು ಈಗಲೂ ಇವೆ, ಅದು ಪೊಲೀಸರ ಕೆಲಸ.

ಇನ್ನೊಂದು ಉದಾಹರಣೆಯೂ ನಮ್ಮ ರಾಜ್ಯದ್ದೇ, ನೆನೆಯಲು ಹಿತವಾದದ್ದಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ವಾಟ್ಸ್‌ಆ್ಯಪ್‌ನಲ್ಲಿ ಹಳ್ಳಿಯಿಂದ ಹಳ್ಳಿಗೆ ಹರಿಯಿತು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟರೆಂಬ ಕಾರಣಕ್ಕೆ ಗುಂಪು ಸೇರಿ ಹೈದರಾಬಾದಿನ ಯುವ ಎಂಜಿನಿಯರನ್ನು ಹೊಡೆದು ಕೊಂದಿತು. ಒಂದು ವಾರದೊಳಗೆ, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳಿಸಲಾಗದಂತೆ ಮಿತಿ ಹಾಕುವುದಾಗಿ ವಾಟ್ಸ್‌ಆ್ಯಪ್ ಪ್ರಕಟಿಸಿತು. ಮುರ್ಕಿಯೊಂದೇ ಕಾರಣವಲ್ಲ, ದೇಶದ ಹಲವೆಡೆ ಇಂಥ ಹತ್ಯೆಗಳಾಗಿದ್ದವು. 2019ರಲ್ಲಿ ಆ ಮಿತಿ ಜಗತ್ತಿಗೆಲ್ಲ ವಿಸ್ತರಿಸಿತು, 2020ರ ಏಪ್ರಿಲ್‌ನಲ್ಲಿ ಬಹಳ ಕೈ ದಾಟಿದ ಸಂದೇಶಗಳಿಗೆ ಒಂದೇ ಕಡೆ ಎಂದಾಯಿತು. ಜನರ ಭಯವನ್ನು ತಿದ್ದಲು ಇವರಿಂದಾಗದಿದ್ದರೂ, ಭಯ ಓಡುವ ವೇಗವನ್ನು ತಗ್ಗಿಸಲು ಒಂದು ಗುಂಡಿಯ ಮಿತಿ ಸಾಕಾಯಿತು. ಇಷ್ಟು ಸುಲಭದ ಕೆಲಸಕ್ಕೆ ಅಷ್ಟು ಹೆಣ ಬೀಳಬೇಕಿತ್ತೇ?

ಇಡೀ ಭಾಷಿಕರಿಗೆ ಒಟ್ಟಿಗೆ ನೋವಾದ ದಿನವೂ ಒಂದಿದೆ. 2021ರ ಜೂನ್ 3ರಂದು, ಭಾರತದ ಅತಿ ಕೊಳಕು ಭಾಷೆ ಯಾವುದೆಂದು ಗೂಗಲ್‌ನಲ್ಲಿ ಇಂಗ್ಲಿಷಿನಲ್ಲಿ ಕೇಳಿದರೆ ಕನ್ನಡ ಎಂಬ ಉತ್ತರ ದಪ್ಪಕ್ಷರದಲ್ಲಿ ಬರುತ್ತಿತ್ತು. ಯಾವುದೋ ಅನಾಮಧೇಯ ತಾಣದ ಸಾಲನ್ನು ಎತ್ತಿ ಯಂತ್ರ ಪೆಟ್ಟಿಗೆಯೊಳಗೆ ಕೂರಿಸಿತ್ತು. ಆಗ ಕನ್ನಡ ಮತ್ತು ಸಂಸ್ಕೃತಿ ಸಚಿವರಾಗಿದ್ದ ಅರವಿಂದ ಲಿಂಬಾವಳಿ ಕಾನೂನು ನೋಟಿಸಿನ ಮಾತಾಡಿದರು, ಗೂಗಲ್ ಉತ್ತರವನ್ನು ತೆಗೆದು ಕ್ಷಮೆ ಕೇಳಿತು, ಅದು ತನ್ನ ಅಭಿಪ್ರಾಯವಲ್ಲ ಎಂದಿತು. ನಿಜ, ಅದರ ಅಭಿಪ್ರಾಯವಲ್ಲ. ಆದರೆ ಹತ್ತು ಕೊಂಡಿಗಳ ನಡುವೆ ಒಂದಾಗಿ ಬಿದ್ದಿದ್ದರೆ ಯಾರೂ ಗಮನಿಸದ ಸಾಲಿಗೆ ತೀರ್ಪಿನ ಗತ್ತು ಕೊಟ್ಟದ್ದು ಆ ಪೆಟ್ಟಿಗೆ. ಅದನ್ನು ವಿನ್ಯಾಸ ಮಾಡಿದವರು ಗೂಗಲ್‌ನವರೇ. ಕೆಲವು ಪ್ರಶ್ನೆಗಳಿಗೆ ಉತ್ತರ ಕೊಡದಿರುವುದೂ ಒಂದು ಉತ್ತರ ಎಂಬುದು ನಮ್ಮ ಊರಿನ ಯಾವ ಹಿರಿಯರಿಗಾದರೂ ಗೊತ್ತು.

ದಿನದಿನದ ಸಣ್ಣ ಚುಚ್ಚುಗಳಿಗೆ ಬರೋಣ. ಕೊಡಗಿನಲ್ಲಿ ಮಗನೋ ಅಳಿಯನೋ ಸೇನೆಯಲ್ಲಿರುವ ಮನೆಗಳು ಬಹಳ. ಗಡಿಯಲ್ಲಿ ಏನಾದರೂ ಆಯಿತೆಂಬ ಸುದ್ದಿ ಬಂದ ರಾತ್ರಿ ತಾಯಂದಿರು ನೋಡುವುದು "ಲಾಸ್ಟ್ ಸೀನ್" ಎಂಬ ಒಂದು ಸಾಲು. ಅದು ಬದಲಾಗದಿದ್ದರೆ ನಿದ್ದೆಯಿಲ್ಲ, ಬದಲಾಗಿ ಉತ್ತರ ಬರದಿದ್ದರೆ ಇನ್ನೊಂದು ಬಗೆಯ ಸಂಕಟ. 2014ರ ನವೆಂಬರ್‌ನಲ್ಲಿ ಸಂದೇಶ ಓದಿದ್ದನ್ನು ತೋರಿಸುವ ನೀಲಿ ಗೆರೆಗಳು ಬಂದಾಗ ಎದ್ದ ಗಲಾಟೆಗೆ ವಾಟ್ಸ್‌ಆ್ಯಪ್ ಕೆಲವೇ ದಿನಗಳಲ್ಲಿ ಅವನ್ನು ಆಫ್ ಮಾಡುವ ದಾರಿ ಕೊಡಬೇಕಾಯಿತು. ಗುಂಪಿನಿಂದ ಸದ್ದಿಲ್ಲದೆ ಹೊರಬರುವ ಅವಕಾಶ ಸಿಗಲು ಮಾತ್ರ 2022ರ ಆಗಸ್ಟ್‌ನವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಕುಟುಂಬದ ಗುಂಪು ಬಿಟ್ಟವರು ಎಲ್ಲರೆದುರು ಬಾಗಿಲು ಬಡಿದು ಹೋದವರಂತೆ ಕಾಣಬೇಕಿತ್ತು. ಎಷ್ಟು ಮುನಿಸುಗಳು ಹುಟ್ಟಿದವೋ, ಲೆಕ್ಕ ಇಟ್ಟವರಿಲ್ಲ.

ಮಕ್ಕಳ ವಿಷಯದಲ್ಲಿ ಲೆಕ್ಕ ಇಡುವವರು ಇದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಅತಿಬಳಕೆಗೆಂದು ಶಟ್ ಎಂಬ ಪ್ರತ್ಯೇಕ ಕ್ಲಿನಿಕ್ ತೆರೆಯಿತು, ಡಾ. ಮನೋಜ್ ಕುಮಾರ್ ಶರ್ಮ ಅದರ ನೇತೃತ್ವ ವಹಿಸಿದರು. ಆಟ, ರೀಲ್ಸು ಬಿಡಲಾಗದ ಹುಡುಗರನ್ನು ಅಲ್ಲಿಗೆ ಕರೆತರುವ ಪೋಷಕರು ಕೇಳುವುದು ಹುಡುಗನಿಗೆ ಏನಾಗಿದೆ ಎಂದು. ಆ ಆ್ಯಪಿಗೆ ಏನಾಗಿದೆ ಎಂದು ಕೇಳುವ ಕ್ಲಿನಿಕ್ ಎಲ್ಲೂ ಇಲ್ಲ. ಬೆರಳೆಳೆದಷ್ಟೂ ಮುಗಿಯದ ಪುಟವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಈಗ ಅದಕ್ಕಾಗಿ ಪಶ್ಚಾತ್ತಾಪ ಪಡುವವರಲ್ಲಿ ಒಬ್ಬರು. ಫೇಸ್‌ಬುಕ್ 2012ರ ಜನವರಿಯಲ್ಲಿ ಒಂದು ವಾರ 6,89,003 ಬಳಕೆದಾರರ ಪುಟಗಳಲ್ಲಿ ಸಂತೋಷದ ಇಲ್ಲವೇ ಬೇಸರದ ಬರಹಗಳನ್ನು ಕಡಿಮೆ ಮಾಡಿ, ಅದರಿಂದ ಅವರ ಮಾತಿನ ಧಾಟಿ ಬದಲಾಗುತ್ತದೆಯೇ ಎಂದು ನೋಡಿತ್ತು. ಅಲ್ಪಸ್ವಲ್ಪ ಬದಲಾಯಿತು. 2014ರಲ್ಲಿ ಆ ಅಧ್ಯಯನ ಪ್ರಕಟವಾದಾಗ, ತಮ್ಮನ್ನು ಕೇಳದೆ ಮಾಡಿದರೆಂದು ಜನ ಸಿಟ್ಟಾದರು. ಬ್ರಿಟನ್ನಿನಲ್ಲಿ 14ರ ಹರೆಯದ ಮಾಲಿ ರಸೆಲ್ ಸಾವಿನ ವಿಚಾರಣೆ ನಡೆಸಿದ ಅಧಿಕಾರಿ, ಅವಳು ನೋಡುತ್ತಿದ್ದ ಜಾಲತಾಣದ ವಿಷಯಗಳೂ ಆ ಸಾವಿಗೆ ಅತ್ಯಲ್ಪವೆನ್ನಲಾಗದಷ್ಟು ಕಾರಣವಾದವೆಂದು 2022ರ ಸೆಪ್ಟೆಂಬರ್‌ನಲ್ಲಿ ದಾಖಲಿಸಿದರು. ಯಂತ್ರ ಆರಿಸಿ ತೋರಿಸಿದ್ದರ ಹೊಣೆ ಹೀಗೆ ಅಧಿಕೃತ ಕಡತಕ್ಕೇರಿದ್ದು ದೊಡ್ಡ ಸಂಗತಿ.

ನಮ್ಮಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಚರ್ಚೆ ಹತ್ತು ವರ್ಷ "ನೈಪುಣ್ಯವೋ ಅದೃಷ್ಟವೋ" ಎಂಬಲ್ಲೇ ಸುತ್ತಿತು. ಕರ್ನಾಟಕ 2021ರಲ್ಲಿ ತಂದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದುಮಾಡಿತು, 2025ರ ಆಗಸ್ಟ್‌ನಲ್ಲಿ ಸಂಸತ್ತು ದೇಶಕ್ಕೆಲ್ಲ ಅನ್ವಯಿಸುವ ನಿಷೇಧ ತಂದಿತು. ಸೋತವನನ್ನು ಮತ್ತೆ ಕೂರಿಸಲು ಆ ಪರದೆಗಳನ್ನು ಹೇಗೆ ಕಟ್ಟಲಾಗಿತ್ತು ಎಂಬ ಪ್ರಶ್ನೆ ಈ ಎರಡು ತುದಿಗಳ ನಡುವೆ ಕಳೆದೇಹೋಯಿತು.

ಸರ್ಕಾರಿ ಯಂತ್ರಗಳನ್ನು ಈ ಪಟ್ಟಿಯಿಂದ ಬಿಡುವುದು ವಾಡಿಕೆ, ಬಿಡಬಾರದು. ಕಾಫಿ ಕೊಯ್ದು, ಮರಗಸಿ ಮಾಡಿ, ಕಳೆ ಕಿತ್ತು ಸವೆದ ಬೆರಳನ್ನು ನ್ಯಾಯಬೆಲೆ ಅಂಗಡಿಯ ಯಂತ್ರ ಗುರುತಿಸದೇ ಹೋಗುವುದು ತೋಟದ ಲೈನ್‌ಮನೆಗಳ ಕಾರ್ಮಿಕರಿಗೆಲ್ಲ ಗೊತ್ತಿರುವ ಸಂಗತಿ. ಬೆರಳು ಒರೆಸಿಕೊಂಡು ಮತ್ತೆ, ಮತ್ತೆ ಒತ್ತುವಾಗ ಹಿಂದಿನ ಸಾಲು ನೋಡುತ್ತಿರುತ್ತದೆ. ಬೇರೆ ದಾರಿಗಳು ನಿಯಮದಲ್ಲಿವೆ, ಆದರೆ ಯಂತ್ರ ಮೊದಲು ಹೇಳುವುದು ನೀನು ನೀನಲ್ಲ ಎಂಬುದನ್ನು. ಕೊರೊನಾ ಶುರುವಾದ 2020ರ ಮಾರ್ಚ್‌ನಲ್ಲಿ ಯಾರಿಗೆ ಫೋನು ಮಾಡಿದರೂ ಮೊದಲು ಕೇಳಿಬಂದದ್ದು ಸರ್ಕಾರದ ಜಾಗೃತಿ ಸಂದೇಶದ ಕೆಮ್ಮು. ಆಸ್ಪತ್ರೆಯಲ್ಲಿ ಮಲಗಿದ ತಂದೆಯ ಸ್ಥಿತಿ ಕೇಳಲು ಫೋನು ಮಾಡುವವನಿಗೂ ಅದೇ ಕೆಮ್ಮು. ಯಾರು ಯೋಚಿಸಿದರೋ! ಹಾಗೆಂದು ಸರ್ಕಾರಕ್ಕೆ ಈ ಎಚ್ಚರ ಬರುವುದೇ ಇಲ್ಲವೆಂದಲ್ಲ. 2023ರ ಅಕ್ಟೋಬರ್ 12ರಂದು ರಾಜ್ಯದ ಫೋನುಗಳೆಲ್ಲ ವಿಪತ್ತಿನ ಎಚ್ಚರಿಕೆಯ ಪರೀಕ್ಷೆಗೆ ಒಟ್ಟಿಗೆ ಕಿರುಚಿಕೊಂಡವು. ಮುಂಚಿತವಾಗಿ ತಿಳಿಸಿದ್ದರು, ಸಂದೇಶದಲ್ಲೇ ಇದು ಪರೀಕ್ಷೆ, ಏನೂ ಮಾಡಬೇಕಿಲ್ಲ ಎಂದು ಬರೆದಿದ್ದರು. ಗುಡ್ಡದ ಕೆಳಗೆ ಮಲಗುವ ನಮಗೆ ಆ ಕಿರುಚು ಬೇಕು. ಹೆದರಿಸಲೇಬೇಕಾದ ಕಡೆ ಹೇಗೆ ಹೆದರಿಸಬೇಕೆಂಬುದೂ ವಿನ್ಯಾಸವೇ.

ಈಗ ಮಾತಾಡುವ ಯಂತ್ರಗಳ ಕಾಲ. ಮನಸ್ಸಿನ ಆರೈಕೆಗೆಂದೇ ಬೆಂಗಳೂರಿನಲ್ಲಿ ಹುಟ್ಟಿದ ವೈಸಾ ಎಂಬ ಸಂಭಾಷಣೆಯ ಆ್ಯಪ್ ಜಗತ್ತಿನ ಹಲವೆಡೆ ಬಳಕೆಯಲ್ಲಿದೆ. 2018ರ ಡಿಸೆಂಬರ್‌ನಲ್ಲಿ ಬಿಬಿಸಿ ಅದನ್ನೂ ಅಮೆರಿಕದ ವೋಬಾಟ್ ಅನ್ನೂ ಪರೀಕ್ಷಿಸಿತು. ಮಗುವೊಂದು ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡಂತೆ ಬರೆದರೆ, ತಕ್ಷಣ ಸಹಾಯ ಪಡೆ ಎಂದು ಎರಡೂ ಹೇಳಲಿಲ್ಲ. ಒಳ್ಳೆಯ ಉದ್ದೇಶದಿಂದ, ತಜ್ಞರನ್ನು ಇಟ್ಟುಕೊಂಡು ಕಟ್ಟಿದ್ದಕ್ಕೇ ಈ ಗತಿ. ಬರೀ ಗೆಳೆತನ ಮಾರುವ ಯಂತ್ರಗಳದ್ದು ಇನ್ನೂ ಅಪಾಯ. 2024ರಲ್ಲಿ ಫ್ಲೋರಿಡಾದ 14 ವರ್ಷದ ಹುಡುಗನ ಸಾವಿನ ಬಳಿಕ ತಾಯಿ ಕ್ಯಾರೆಕ್ಟರ್ ಎಐ ಕಂಪನಿಯ ಮೇಲೆ ದಾವೆ ಹೂಡಿದರು, 2025ರ ನವೆಂಬರ್‌ನಲ್ಲಿ ಆ ಕಂಪನಿ 18ರೊಳಗಿನವರಿಗೆ ಮುಕ್ತ ಸಂಭಾಷಣೆಯನ್ನೇ ನಿಲ್ಲಿಸಿತು. ಚಾಟ್‌ಜಿಪಿಟಿ ತೀರಾ ಹೊಗಳುಭಟನಾಗಿದೆ ಎಂದು 2025ರ ಏಪ್ರಿಲ್‌ನಲ್ಲಿ ಅದರ ಹೊಸ ರೂಪವನ್ನು ಓಪನ್ಎಐ ಹಿಂತೆಗೆದುಕೊಂಡಿತು. ಬಳಸುವವರು "ಇಷ್ಟವಾಯಿತು" ಎಂದು ಒತ್ತಿದ್ದನ್ನೇ ಅಳತೆಗೋಲು ಮಾಡಿಕೊಂಡರೆ ಯಂತ್ರ ಹೊಗಳಲು ಕಲಿಯದೆ ಇನ್ನೇನು ಕಲಿತೀತು? ಇದಕ್ಕೆ ಎದುರಾಗಿ ಟೆಲಿ ಮನಸ್ ನೋಡಿ. 2022ರ ಅಕ್ಟೋಬರ್ 10ರಂದು ಶುರುವಾದ ಇದಕ್ಕೆ ನಿಮ್ಹಾನ್ಸ್ ಮುಖ್ಯ ಕೇಂದ್ರ, ತಾಂತ್ರಿಕ ನೆರವು ಬೆಂಗಳೂರಿನ ಐಐಐಟಿಯದು. 14416ಕ್ಕೆ ಕರೆ ಮಾಡಿದರೆ ಕೊನೆಗೆ ಸಿಗುವುದು ಮನುಷ್ಯರ ದನಿ, ಕನ್ನಡದಲ್ಲೂ. ತಂತ್ರಜ್ಞಾನ ಮುಂದೆ ನಿಲ್ಲದೆ ಹಿಂದೆ ನಿಂತಿದೆ, ಅದೇ ಅದರ ಜಾಣತನ.

ಕಾನೂನು ಎಲ್ಲಿಯವರೆಗೆ ಬಂದಿದೆ? ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು 13 ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿತು. ಅದರಲ್ಲೊಂದು ಬಳಕೆದಾರರನ್ನು ನಾಚಿಸಿ ಒಪ್ಪಿಸುವುದು. ವಿಮಾನದ ಟಿಕೆಟ್ಟಿನ ಜೊತೆ ವಿಮೆ ಬೇಡವೆನ್ನಲು "ನಾನು ಅಸುರಕ್ಷಿತನಾಗಿಯೇ ಇರುತ್ತೇನೆ" ಎಂಬ ಗುಂಡಿ ಒತ್ತಿಸುವುದನ್ನೇ ಉದಾಹರಣೆಯಾಗಿ ಕೊಟ್ಟಿದ್ದಾರೆ. ಗ್ರಾಹಕನಿಗೆ ನಾಚಿಕೆ ಹುಟ್ಟಿಸುವುದು ತಪ್ಪು ಎಂದು ಸರ್ಕಾರಿ ಕಾಗದದಲ್ಲಿ ಓದುವುದು ಒಂದು ಸಂತೋಷ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 9ನೆಯ ಕಲಂ, ಮಗುವಿನ ಯೋಗಕ್ಷೇಮಕ್ಕೆ ಹಾನಿಯಾಗುವಂತೆ ಅದರ ಮಾಹಿತಿಯನ್ನು ಬಳಸಬಾರದು, ಅದರ ವರ್ತನೆಯ ಜಾಡು ಹಿಡಿಯಬಾರದು, ಅದಕ್ಕೆ ಗುರಿಯಿಟ್ಟು ಜಾಹೀರಾತು ತೋರಿಸಬಾರದು ಎನ್ನುತ್ತದೆ. 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾದವು, ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವು. ಒಳ್ಳೆಯ ಕಲಮು, ಆದರೆ ಅದರ ನೆರಳು 18ನೆಯ ಹುಟ್ಟುಹಬ್ಬಕ್ಕೆ ಮುಗಿಯುತ್ತದೆ. ಮಗು ಕಳೆದುಕೊಂಡ ತಂದೆಗೆ, ಪರಿಹಾರದ ಹಣ ಕಡಿತವಾದ ವಿಧವೆಗೆ, ಬೆರಳು ಸವೆದ ಕೂಲಿಗೆ ಆ ಕಾಯ್ದೆಯಲ್ಲಿ ಇಂಥ ಸಾಲಿಲ್ಲ.

ಆ್ಯಪ್‌ಗಳು ಹುಟ್ಟುವ ಬೆಂಗಳೂರಿಗೆ ಇಲ್ಲಿಂದ ಒಂದು ರಾತ್ರಿಯ ಬಸ್ಸು. ಅಲ್ಲಿನ ಕಚೇರಿಗಳಲ್ಲಿ ಹೊಸ ಸವಲತ್ತನ್ನು ಹೊರಬಿಡುವ ಮುಂಚೆ ಸರ್ವರ್ ತಡೆಯುತ್ತದೆಯೇ, ಹಳೆಯ ಫೋನಿನಲ್ಲಿ ಓಡುತ್ತದೆಯೇ ಎಂದು ನೂರು ಪರೀಕ್ಷೆ ಮಾಡುತ್ತಾರೆ. ಅದಕ್ಕೆ ಇನ್ನೊಂದನ್ನು ಸೇರಿಸಲಿ: ನಿನ್ನೆ ಸಾವಾದ ಮನೆಯವರು, ಕಂತು ಕಟ್ಟಲಾಗದವರು, ಇಂಗ್ಲಿಷ್ ಓದಲಾರದವರು ಇದನ್ನು ತೆರೆದರೆ ಏನು ಕಾಣುತ್ತಾರೆ ಎಂದು ಕೂತು ನೋಡಲಿ. ಉತ್ತರ ಹಿಡಿಸದಿದ್ದರೆ ಹೊರಬಿಡದಿರಲಿ. ಸರ್ಕಾರ ಆ ಪರೀಕ್ಷೆಯ ದಾಖಲೆ ಕೇಳಲಿ. ಓದುಗರಿಗೂ ಒಂದು ಮಾತು: ಆ್ಯಪ್ ನಿಮ್ಮನ್ನು ನಾಚಿಸಿ, ಹೆದರಿಸಿ, ಕಾಡಿ ಏನಾದರೂ ಕೊಳ್ಳುವಂತೆ ಮಾಡಿದರೆ ತಪ್ಪು ನಿಮ್ಮದೆಂದು ಸುಮ್ಮನಾಗಬೇಡಿ. ಪರದೆಯ ಚಿತ್ರ ತೆಗೆದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಿ.